ಮೀನಿನ ತೊಟ್ಟಿಯ ಹಿಂದಿನ ಪರದೆ

ಮನುಷ್ಯನ ಬೆನ್ನ ಹಿಂದೆ ಏನಿದೆ ಎಂಬುದು ಅವನಿಗಿಂತ ಹೆಚ್ಚಾಗಿ ಅವನನ್ನು ನೋಡುವವರಿಗೆ ಬೇಕಾದ ಸಂಗತಿ. ಈ ಸತ್ಯವನ್ನು ಮೊದಲು ಕಂಡುಕೊಂಡವರು ಫೋಟೋ ಸ್ಟುಡಿಯೋದವರಿರಬೇಕು. ನಮ್ಮ ಹಿರಿಯರ ಹಳೆಯ ಫೋಟೋಗಳನ್ನು ಟ್ರಂಕಿನಿಂದ ತೆಗೆದು ನೋಡಿ. ಅಜ್ಜ ಕೋಟು ಪೇಟ ಧರಿಸಿ ಕುರ್ಚಿಯಲ್ಲಿ ಕುಳಿತಿದ್ದಾರೆ, ಅಜ್ಜಿ ಪಕ್ಕದಲ್ಲಿ ನಿಂತಿದ್ದಾರೆ. ಹಿಂದೆ ಅಮೃತಶಿಲೆಯ ಮೆಟ್ಟಿಲು, ಕೊಳ, ಕೊಳದಲ್ಲಿ ಎರಡು ಹಂಸ. ಜನ್ಮದಲ್ಲಿ ಒಂದೇ ಒಂದು ಹಂಸವನ್ನು ಕಂಡವರಲ್ಲ ನಮ್ಮ ಅಜ್ಜ. ಆದರೂ ಆ ಹಂಸಗಳು ಅವರ ಸ್ವಂತದವೇ ಎಂಬಂತೆ ಗಂಭೀರವಾಗಿ ಕುಳಿತಿದ್ದಾರೆ.

ನಾಟಕ ಕಂಪನಿಗಳ ಮಾತಂತೂ ಬೇಡವೇ ಬೇಡ. ಗುಬ್ಬಿ ಕಂಪನಿಯ ಕಾಲದವರು ಪಾತ್ರಧಾರಿಗಳ ಹೆಸರನ್ನು ಮರೆತಿದ್ದರೂ ಪರದೆಗಳನ್ನು ಮರೆತಿರಲಿಲ್ಲ. ದರ್ಬಾರಿನ ಪರದೆ, ಕಾಡಿನ ಪರದೆ, ಬೀದಿಯ ಪರದೆ. ಒಂದು ಸುರುಳಿ ಮೇಲೇರಿದರೆ ಇನ್ನೊಂದು ಇಳಿಯುವುದು. ನಮ್ಮ ಯಕ್ಷಗಾನದ ಬಯಲಾಟಕ್ಕೆ ಮಾತ್ರ ಈ ಸಿಂಗಾರದ ಗೊಡವೆ ಇರಲಿಲ್ಲ. ಗದ್ದೆಯ ಬಯಲು, ನಾಲ್ಕು ಕಂಬ, ಹಿಂದೆ ಕತ್ತಲೆ. ಆ ಕತ್ತಲೆಯ ಮುಂದೆ ಕಿರೀಟ ಹೊಳೆದಷ್ಟು ಯಾವ ಬಣ್ಣದ ಪರದೆಯ ಮುಂದೂ ಹೊಳೆದಿಲ್ಲವೆಂದು ನಮ್ಮ ಅಭಿಪ್ರಾಯ. ಈ ಮಾತಿಗೆ ಮುಂದೆ ಕೆಲಸವಿದೆ, ಓದುಗರು ನೆನಪಿನಲ್ಲಿಟ್ಟಿರಬೇಕು.

ಇಷ್ಟು ಪೀಠಿಕೆ ಏತಕ್ಕೆಂದರೆ, ನಮ್ಮ ಮನೆಗೆ ಒಂದು ಮೀನಿನ ತೊಟ್ಟಿ ಬಂದಿತು.

ಮುಂಬಯಿಯ ಮನೆ ಎಷ್ಟು ದೊಡ್ಡದೆಂದು ಈ ಪತ್ರಿಕೆಯ ಓದುಗರಿಗೆ ನಾವು ವಿವರಿಸಬೇಕಾಗಿಲ್ಲ. ಒಂದು ಮಂಚ ಸರಿಸಬೇಕಾದರೆ ಇಬ್ಬರು ಬಾಲ್ಕನಿಗೆ ಹೋಗಿ ನಿಲ್ಲಬೇಕು. ಅಂಥದರಲ್ಲಿ ಕೆಳಗಿನ ಮಹಡಿಯ ಸಂಸಾರ ವರ್ಗವಾಗಿ ಹೊರಟಾಗ, ಸಾಗಿಸಲಾರದ ತೊಟ್ಟಿಯನ್ನು ನಮ್ಮ ಮಕ್ಕಳ ಕೈಗೆ ಒಪ್ಪಿಸಿ ಹೋದರು. ಎರಡಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರ. ಲೆಕ್ಕ ಹಾಕಿದರೆ ಎರಡೂವರೆ ಘನ ಅಡಿ, ಅಂದರೆ ಸುಮಾರು ೭೦ ಲೀಟರ್ ನೀರು. ನೀರೊಂದರ ತೂಕವೇ ೭೦ ಕಿಲೋ. ಮನೆಯಲ್ಲಿ ಇನ್ನೊಬ್ಬ ವಯಸ್ಕ ಬಂದು ವಾಸಕ್ಕೆ ನಿಂತ ಹಾಗಾಯಿತು ಎಂದರು ನಮ್ಮಾಕೆ. ಊಟ ತಿಂಡಿಯ ಖರ್ಚು ಕಡಿಮೆ, ಅಷ್ಟೆ.

ತೊಟ್ಟಿಯನ್ನು ಹಜಾರದ ಗೋಡೆಗೆ ತಾಗಿಸಿ ಇಟ್ಟದ್ದಾಯಿತು. ಮೀನು ಬಿಟ್ಟದ್ದೂ ಆಯಿತು. ಆಗ ಗೊತ್ತಾಯಿತು, ಗಾಜಿನ ತೊಟ್ಟಿಗೆ ನಾಲ್ಕೂ ಕಡೆ ಗಾಜು ಎಂಬುದು. ಎಂದರೆ, ಮೀನನ್ನು ನೋಡಲು ಹೋದವನಿಗೆ ಮೀನಿನ ಹಿಂದೆ ನಾಲ್ಕು ಮಳೆಗಾಲ ಕಂಡು ಬಣ್ಣ ಚಕ್ಕೆಯೆದ್ದ ಗೋಡೆ, ಗಾಳಿಯ ಪಂಪಿನ ಕೊಳವೆ, ವಿದ್ಯುತ್ತಿನ ತಂತಿ, ಒಂದು ಕಡೆ ಹಲ್ಲಿ, ಇವೆಲ್ಲವೂ ದೊಡ್ಡದಾಗಿ, ಸ್ಪಷ್ಟವಾಗಿ ಕಾಣಿಸುತ್ತವೆ. ಮೀನು ಮಾತ್ರ ಸರಿಯಾಗಿ ಕಾಣಿಸದು. ಬೆಳಕು ಹಿಂದಿನಿಂದಲೂ ನುಗ್ಗುವುದರಿಂದ ಎರಡು ವಾರದಲ್ಲಿ ಗಾಜಿಗೆ ಹಸಿರು ಪಾಚಿ ಹಿಡಿಯಿತು. ಮೀನುಗಳೋ ಗುಂಪಾಗಿ ಒಂದು ಮೂಲೆಗೆ ಸೇರಿ, ಯಾರಾದರೂ ನಡೆದರೆ ಚಿಲ್ಲನೆ ಚದುರುತ್ತಿದ್ದವು. ನಾಲ್ಕೂ ದಿಕ್ಕಿನಿಂದ ಜನ ನೋಡುತ್ತಿದ್ದರೆ ಯಾರಿಗೆ ತಾನೇ ಸಮಾಧಾನ? ಹಿಂದೊಂದು ಪರದೆ ಬೇಕೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ನಮ್ಮ ಮನೆಯಲ್ಲಿ ಸರ್ವಾನುಮತ ಅಲ್ಲಿಗೆ ಮುಗಿಯಿತು.

ಕ್ರಾಫರ್ಡ್ ಮಾರ್ಕೆಟ್ಟಿನ ಮೀನಂಗಡಿಗಳ ಸಾಲಿಗೆ ಒಂದು ಭಾನುವಾರ ಹೋದೆವು. ಅಲ್ಲಿ ಈ ಪರದೆಗಳನ್ನು ಸುರುಳಿ ಸುತ್ತಿ ಇಟ್ಟಿರುತ್ತಾರೆ. ತೊಟ್ಟಿಯ ಎತ್ತರಕ್ಕೆ ತಕ್ಕ ಸುರುಳಿ ತೆಗೆದು, ಸೀರೆಯ ಫಾಲ್ ಅಳೆದ ಹಾಗೆ ಅಡಿಯ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಪ್ಲಾಸ್ಟಿಕ್ ಹಾಳೆ, ಎರಡು ಮುಖ. ಒಂದು ಮುಖಕ್ಕೆ ಸಮುದ್ರ: ಹವಳದ ದಿಬ್ಬ, ಮುಳುಗಿದ ಹಡಗು. ಇನ್ನೊಂದು ಮುಖಕ್ಕೆ ಸಿಹಿನೀರು: ಹಸಿರು ಗಿಡ, ಬೇರು, ಬಂಡೆ. ಬೇಸರವಾದರೆ ತಿರುಗಿಸಿ ಹಾಕಬಹುದು. ಕಂಪನಿ ನಾಟಕದ ಪರದೆಗಳಿಗೂ ಇಲ್ಲದಿದ್ದ ಸೌಕರ್ಯ. ಹತ್ತು ವರ್ಷದ ನಮ್ಮ ಕಿರಿಯವನು ಹಡಗನ್ನು ಕಂಡವನೇ ಅಲ್ಲಿಂದ ಕದಲಲಿಲ್ಲ. ಹಾಳೆಯನ್ನು ಕೊಂಡದ್ದಾಯಿತು.

ಮನೆಗೆ ತಂದು ಟೇಪು ಹಚ್ಚಿ ನಿಲ್ಲಿಸಿದರೆ, ಏನೋ ಸರಿಬೀಳಲಿಲ್ಲ. ಹವಳ ಬೆಳೆಯುವುದು ಉಪ್ಪುನೀರಿನಲ್ಲಿ. ನಮ್ಮ ಮೀನುಗಳಿಗೆ ಸಮುದ್ರದ ನೀರು ತಾಗಿದರೆ ಅವು ಬದುಕುವುದಿಲ್ಲ. ನಮ್ಮವು ಜೀಬ್ರಾ ಡೇನಿಯೋ ಎಂಬ, ಒಂದೂವರೆ ಅಂಗುಲದ, ನೀಲಿ ಪಟ್ಟೆಯ ಬಡ ಮೀನುಗಳು. ನಮ್ಮ ದೇಶದವೇ, ಹಳ್ಳ, ಗದ್ದೆ, ತೋಡುಗಳಲ್ಲಿ ವಾಸ ಮಾಡುವಂಥವು. ಇವುಗಳಿಗೆ ಶಾಸ್ತ್ರೀಯ ನಾಮಕರಣ ಮಾಡಿದವರು ಫ್ರಾನ್ಸಿಸ್ ಹ್ಯಾಮಿಲ್ಟನ್. ಗಂಗಾನದಿಯ ಮೀನುಗಳನ್ನು ಕುರಿತು ೧೮೨೨ರಲ್ಲಿ ಅಚ್ಚಾದ ಅವರ ಗ್ರಂಥದಲ್ಲಿ. ಈ ಹ್ಯಾಮಿಲ್ಟನ್ ಯಾರೆಂದುಕೊಂಡಿರಿ? ನಾವು ಇತಿಹಾಸದ ಪುಸ್ತಕಗಳಲ್ಲಿ ಬುಕಾನನ್ ಎಂದು ಓದಿದ ಮಹಾಶಯರೇ. ಟಿಪ್ಪು ಸುಲ್ತಾನನು ಮಡಿದ ಮರುವರ್ಷ, ೧೮೦೦ರಲ್ಲಿ, ಮದರಾಸಿನಿಂದ ಹೊರಟು ಮೈಸೂರು ಸೀಮೆ, ಕನ್ನಡ ಜಿಲ್ಲೆ, ಮಲಬಾರು ಎಲ್ಲವನ್ನೂ ಸುತ್ತಿ, ರೈತ ಏನು ಬಿತ್ತುತ್ತಾನೆ, ಅಡಿಕೆ ಹೇಗೆ ಬೇಯಿಸುತ್ತಾರೆ ಎಂಬುದನ್ನೆಲ್ಲ ಬರೆದುಕೊಂಡವರು. ಸಾಗರದ ಪಕ್ಕದ ಇಕ್ಕೇರಿಗೂ ಹೋಗಿದ್ದರು. ಹೆಸರಿಗೆ ಹ್ಯಾಮಿಲ್ಟನ್ ಸೇರಿದ್ದು ಆಮೇಲೆ. ನಮ್ಮ ತಾಯಿಯವರ ತವರು ಸೀಮೆಯನ್ನು ನೋಡಿದ ಮನುಷ್ಯನೇ ನಮ್ಮ ತೊಟ್ಟಿಯ ಮೀನಿಗೂ ಹೆಸರಿಟ್ಟನೆಂದು ತಿಳಿದಾಗ ನಮಗೆ ಆದ ಸಂತೋಷಕ್ಕೆ ಕಾರಣ ಹೇಳುವುದು ಕಷ್ಟ. ಪರಊರಿನಲ್ಲಿ ನೆಂಟರ ನೆಂಟರು ಸಿಕ್ಕಿದ ಹಾಗೆ.

ಇರಲಿ. ಗದ್ದೆಯ ತೋಡಿನ ಮೀನಿನ ಹಿಂದೆ ಹವಳದ ದ್ವೀಪ ಒಪ್ಪುವುದಿಲ್ಲವೆಂದು ನಾವು ಆಕ್ಷೇಪಿಸಿದೆವು. "ನಾವು ಮಾತ್ರ ಅರಬ್ಬೀ ಸಮುದ್ರದ ಪಕ್ಕ ಬಂದು ಕೂತಿಲ್ಲವೇ?" ಎಂದರು ನಮ್ಮಾಕೆ. ಉತ್ತರ ಹೊಳೆಯಲಿಲ್ಲ.

ಮುಂದೆ ಸಲಹೆಗಳ ಸುರಿಮಳೆ. ಸಂಘದ ಗೆಳೆಯರೊಬ್ಬರು, ಕನ್ನಡಿಗರ ಮನೆಯ ತೊಟ್ಟಿಗೆ ಕನ್ನಡಿಯೇ ಸರಿ, ಹಿಂದೆ ಕನ್ನಡಿ ನಿಲ್ಲಿಸಿದರೆ ಹತ್ತು ಮೀನು ಇಪ್ಪತ್ತಾಗುತ್ತದೆ ಎಂದರು. ಶ್ಲೇಷೆ ಚೆನ್ನಾಗಿತ್ತು, ಸಲಹೆ ಚೆನ್ನಾಗಿರಲಿಲ್ಲ. ಮೀನಿಗೆ ಕನ್ನಡಿಯಲ್ಲಿ ಕಾಣುವುದು ತಾನಲ್ಲ, ತನ್ನ ಜಾಗಕ್ಕೆ ನುಗ್ಗಿದ ಇನ್ನೊಬ್ಬ. ಫೈಟರ್ ಮೀನಿನ ಮುಂದೆ ಕನ್ನಡಿ ಹಿಡಿದರೆ ಕಿವಿರು ಅರಳಿಸಿ, ರೆಕ್ಕೆ ಬಿಚ್ಚಿ ಯುದ್ಧಕ್ಕೆ ನಿಲ್ಲುವುದನ್ನು ಅಂಗಡಿಯವರೇ ತಮಾಷೆಗೆ ತೋರಿಸುತ್ತಾರೆ. ಹಗಲಿರುಳು ಆ ಯುದ್ಧ ನಡೆಯುತ್ತಿದ್ದರೆ ಮೀನು ಸೊರಗದೆ ಇನ್ನೇನಾದೀತು? ಕಾಲೇಜಿನಲ್ಲಿರುವ ನಮ್ಮ ಮಗಳು ಕೃತಕ ಬಂಡೆಯ ಗೋಡೆಯನ್ನು ಸೂಚಿಸಿದಳು. ಹಗುರವಾದ ಫೋಮಿನಲ್ಲಿ ಕೆತ್ತಿ ಬಣ್ಣ ಬಳಿದಿರುತ್ತಾರೆ, ತೊಟ್ಟಿಯ ಒಳಗೇ ಸಿಲಿಕೋನ್ ಅಂಟಿನಿಂದ ಕೂರಿಸುವುದು. ನೋಡಲು ನಿಜಕ್ಕೂ ಸೊಗಸು. ಆದರೆ ಒಂದಡಿ ಅಗಲದ ತೊಟ್ಟಿಯಲ್ಲಿ ಎರಡಂಗುಲ ಬಂಡೆಗೇ ಹೋದರೆ ಮೀನಿಗೆ ಉಳಿಯುವುದೆಷ್ಟು? ಸಂದು ಬಿಟ್ಟರೆ ಅದರ ಹಿಂದೆ ಹೊಕ್ಕ ಮೀನು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೊಳೆಯೂ ಅಲ್ಲೇ ಸೇರುತ್ತದೆ. ಮುಂಬಯಿಯಲ್ಲಿ ಜಾಗದ ಬೆಲೆ ಬಲ್ಲ ನಾವು ಒಪ್ಪಲಿಲ್ಲ. ಊರಿನಿಂದ ಬಂದ ಭಾವನವರು ಜೋಗದ ಚಿತ್ರ ಹಾಕೋಣವೆಂದರು. ನಿಂತ ನೀರಿನ ಹಿಂದೆ ಬೀಳುವ ನೀರು! ಮೀನುಗಳಿಗೆ ತಲೆ ತಿರುಗೀತು.

ಹೀಗೆ ಎಲ್ಲರೂ ತಮಗೆ ಏನು ಕಾಣಬೇಕೆಂದು ಹೇಳಿದರೇ ಹೊರತು ಮೀನಿಗೆ ಏನು ಬೇಕೆಂದು ಯಾರೂ ಕೇಳಲಿಲ್ಲ. ಪುಸ್ತಕಗಳನ್ನು ತಿರುವಿ ನೋಡಿದಾಗ ಕೆಲವು ಸ್ವಾರಸ್ಯದ ವಿಷಯಗಳು ಸಿಕ್ಕವು.

ಮೀನಿನ ಮೈಬಣ್ಣ ಅದರ ಹಿಂದಿನ ಬಣ್ಣವನ್ನು ನೋಡಿಕೊಂಡು ಬದಲಾಗುತ್ತದೆಯಂತೆ. ಚರ್ಮದಲ್ಲಿ ಕಪ್ಪು ಕಣಗಳನ್ನು ತುಂಬಿಕೊಂಡ ಜೀವಕೋಶಗಳಿವೆ. ಮೆಲನೋಫೋರ್ ಎಂದು ಹೆಸರು. ಸುತ್ತಲೂ ಬಿಳುಪಿದ್ದರೆ ಕಣಗಳೆಲ್ಲ ಕೋಶದ ನಡುವೆ ಮುದುಡಿ ಕೂರುತ್ತವೆ, ಮೀನು ಪೇಲವವಾಗುತ್ತದೆ. ಸುತ್ತ ಕಪ್ಪಿದ್ದರೆ ಕಣಗಳು ಕೋಶದ ತುಂಬ ಹರಡುತ್ತವೆ, ಬಣ್ಣ ಗಾಢವಾಗುತ್ತದೆ. ಇದನ್ನು ನಿರ್ಧರಿಸುವುದು ಮೀನಿನ ಕಣ್ಣು. ಕಣ್ಣು ಕಂಡದ್ದನ್ನು ಮೆದುಳಿಗೆ ಹೇಳುತ್ತದೆ, ಮೆದುಳು ಮೈಗೆ ಅಪ್ಪಣೆ ಕೊಡುತ್ತದೆ. ಜೇನ್ನೊಣಗಳ ನರ್ತನದ ಭಾಷೆಯನ್ನು ಬಿಡಿಸಿ ೧೯೭೩ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದ ಕಾರ್ಲ್ ಫಾನ್ ಫ್ರಿಶ್ ತಮ್ಮ ತಾರುಣ್ಯದಲ್ಲಿ ಕೈಹಚ್ಚಿದ್ದು ಈ ಮೀನಿನ ಬಣ್ಣದ ಪ್ರಶ್ನೆಗೇ. ನಮ್ಮ ಡೇನಿಯೋಗಳೂ ಈ ವಿದ್ಯೆಯಲ್ಲಿ ನಿಪುಣರೆಂದು ಪ್ರಯೋಗಶಾಲೆಗಳವರು ಚೆನ್ನಾಗಿ ಬಲ್ಲರು. ಬಿಳಿ ಸುಣ್ಣದ ಗೋಡೆಯ ಮುಂದೆ ನಮ್ಮ ಮೀನುಗಳ ಪಟ್ಟೆ ಒಗೆದು ಒಗೆದು ಮಾಸಿದ ಸೀರೆಯಂಚಿನಂತೆ ಏಕೆ ಕಂಡಿತು ಎಂಬುದಕ್ಕೆ ಇಲ್ಲಿ ಉತ್ತರವಿದೆ.

ಇನ್ನೊಂದು ಸಂಗತಿ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಾಲಯ ತೆರೆದದ್ದು ೧೮೫೩ರಲ್ಲಿ. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬುವರ ಪುಸ್ತಕ ಹೊರಬಂದು, ಇಂಗ್ಲೆಂಡಿನ ಮನೆಮನೆಗೂ ಮೀನಿನ ತೊಟ್ಟಿಯ ಹುಚ್ಚು ಹಿಡಿಯಿತು. ಆಗಿನ ಎಷ್ಟೋ ತೊಟ್ಟಿಗಳಿಗೆ ಗಾಜು ಮುಂದುಗಡೆ ಮಾತ್ರ. ಹಿಂದೆ, ಅಕ್ಕಪಕ್ಕ ಸ್ಲೇಟಿನ ಕಲ್ಲು. ನಾವು ಚಿಕ್ಕಂದಿನಲ್ಲಿ ಅಕ್ಷರ ತಿದ್ದಿದ ಕರಿಹಲಗೆಯ ಕಲ್ಲೇ. ಕೆರೆಯಲ್ಲಿ ಹೇಗೋ ಹಾಗೆ ಬೆಳಕು ಮೇಲಿನಿಂದ ಬೀಳಬೇಕು, ಹಿಂದೆ ಕತ್ತಲಿರಬೇಕು ಎಂಬುದು ಅವರ ವಿಚಾರ. ನಾಲ್ಕೂ ಕಡೆ ಗಾಜು ಬಂದಮೇಲೆ ತಾನೇ ಹಡಗು ಹವಳಗಳ ತಾಪತ್ರಯ ಹುಟ್ಟಿದ್ದು!

ಇಷ್ಟಾದ ಮೇಲೆ ಕಪ್ಪು ಹಾಳೆಯೆಂದೇ ನಿರ್ಧರಿಸುವವರಿದ್ದೆವು. ಅಷ್ಟರಲ್ಲಿ ಕಿರಿಯವನಿಗೆ ಒಂದು ಯೋಚನೆ ಬಂತು.

ಇಲ್ಲಿ ನಮ್ಮ ತಾಯಿಯವರ ವಿಷಯ ಸ್ವಲ್ಪ ಹೇಳಬೇಕು. ಅವರು ಹುಟ್ಟಿದ್ದು ಸಾಗರ ತಾಲ್ಲೂಕಿನ ಕರೂರು ಹೋಬಳಿಯ ಕಡೆಯ ಒಂದು ಹಳ್ಳಿಯಲ್ಲಿ. ಆ ಹಳ್ಳಿ ಈಗಿಲ್ಲ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ ಮುಗಿದದ್ದು ೧೯೬೪ರಲ್ಲಿ. ಸಮುದ್ರಮಟ್ಟದಿಂದ ೧೮೧೯ ಅಡಿ ಎತ್ತರದವರೆಗೆ ನೀರು ನಿಲ್ಲಬಹುದೆಂದು ಗೊತ್ತುಮಾಡಿದರು. ಅದಕ್ಕಿಂತ ಕೆಳಗಿದ್ದ ಗದ್ದೆ, ತೋಟ, ದೇವಸ್ಥಾನ, ಮನೆ ಎಲ್ಲ ನೀರಿನಡಿಗೆ ಹೋದವು. ಮೊದಲಿದ್ದ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿಹೋಯಿತೆಂದ ಮೇಲೆ ಮನೆಗಳ ಮಾತೇನು? ಬೇಸಿಗೆಯಲ್ಲಿ ನೀರು ಬಹಳ ಇಳಿದರೆ ಆ ಹಳೆಯ ಕಟ್ಟೆ ಮೇಲೆದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಆಗ ನಮ್ಮ ತಾಯಿಯವರಿಗೆ ಹದಿನಾರು ವರ್ಷ. ಊರು ಬಿಡುವ ಮುಂಚೆ ಅವರ ತಂದೆ ಸಾಗರದಿಂದ ಫೋಟೋದವರೊಬ್ಬರನ್ನು ಕರೆಸಿ ಮನೆಯ ಮುಂದೆ ಒಂದು ಚಿತ್ರ ತೆಗೆಸಿದ್ದರು. ಅಂಗೈಯಗಲದ ಕಪ್ಪು ಬಿಳುಪು ಚಿತ್ರ. ಜಗಲಿ, ತುಳಸಿಕಟ್ಟೆ, ಹಂಚಿನ ಮಾಡು, ಪಕ್ಕಕ್ಕೆ ಕೊಟ್ಟಿಗೆ. ಮನುಷ್ಯರು ಯಾರೂ ಇಲ್ಲ. ಎಲ್ಲರೂ ಸಾಮಾನು ಕಟ್ಟುತ್ತಿದ್ದರಂತೆ.

ಹಿನ್ನೀರಿನ ಮೇಲೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ೨೦೨೫ರ ಜುಲೈಯಲ್ಲಿ ಸೇತುವೆ ತೆರೆಯಿತು. ಅದಕ್ಕೆ ಮೊದಲು ಸಿಗಂದೂರಿಗೆ ಹೋಗುವವರೆಲ್ಲ ಅಲ್ಲಿ ಲಾಂಚಿನಲ್ಲೇ ದಾಟಬೇಕಾಗಿತ್ತು. ತಾಯಿಯವರ ಜತೆ ನಾವು ಅನೇಕ ಸಲ ದಾಟಿದ್ದೇವೆ. ಮಕ್ಕಳು ಕಟಾಂಜನಕ್ಕೆ ಜೋತುಬಿದ್ದು ನೀರು ನೋಡುತ್ತಿದ್ದರೆ ಅವರು ಒಳಗೆ ಚೀಲದ ಪಕ್ಕದಲ್ಲಿ ಕುಳಿತು, ಯಾರ ಮಗಳಿಗೆ ಮದುವೆ ಗೊತ್ತಾಯಿತು ಎಂದು ಪಕ್ಕದವರನ್ನು ವಿಚಾರಿಸುತ್ತಿದ್ದರು. ಇದರಲ್ಲಿ ವಿಶೇಷವೇನಾದರೂ ಇದೆಯೆಂದು ನಮಗೆ ಆಗ ತೋರಿರಲಿಲ್ಲ.

ಕಿರಿಯವನ ಯೋಚನೆ ಇಷ್ಟು: "ಅಜ್ಜಿ ಮನೆ ನೀರಿನ ಒಳಗೇ ಇದೆ ಅಲ್ವಾ ಅಪ್ಪಾ? ಅಲ್ಲಿ ಮೀನೂ ಇರ್ತವೆ ಅಲ್ವಾ? ಆ ಫೋಟೋನೇ ದೊಡ್ಡದು ಮಾಡಿ ಹಿಂದೆ ಅಂಟಿಸೋಣ!" ಮಗುವಿನ ತರ್ಕದಲ್ಲಿ ಲೋಪ ಹುಡುಕುವುದು ಕಷ್ಟ. ಹವಳಕ್ಕಿಂತ, ಹಡಗಿಗಿಂತ, ಜೋಗಕ್ಕಿಂತ ಇದು ಎಷ್ಟೋ ನಿಜವಾದ ಹಿನ್ನೆಲೆ. ಮಗಳು ಫೋಟೋವನ್ನು ಕಂಪ್ಯೂಟರಿಗೆ ಏರಿಸಿ, ಗೆರೆ ಗೀರುಗಳನ್ನು ತಿದ್ದಿ, ತೊಟ್ಟಿಯ ಅಳತೆಗೆ ಸರಿಯಾಗಿ ಕತ್ತರಿಸಿ, ಸ್ಟೇಷನ್ನಿನ ಬಳಿಯ ಅಂಗಡಿಯಲ್ಲಿ ಅಚ್ಚು ಹಾಕಿಸಿ ತಂದಳು. ಅಜ್ಜಿಗೆ ಅನಿರೀಕ್ಷಿತ ಸಂತೋಷ ಕೊಡಬೇಕೆಂದು ಅವರು ಮಧ್ಯಾಹ್ನ ಮಲಗಿದ್ದಾಗ ಅಂಟಿಸಿದರು. ದೀಪ ಹಾಕಿದರೆ ನೋಡಬೇಕು! ನೀರಿನೊಳಗೆ ಮನೆ ನಿಂತಿದೆ. ಜಗಲಿಯ ಮೇಲೆ ಮೀನು, ತುಳಸಿಕಟ್ಟೆಗೆ ಪ್ರದಕ್ಷಿಣೆ ಬರುವ ಮೀನು. ನಮಗೂ ಬಹಳ ಚೆನ್ನಾಗಿ ಕಂಡಿತು, ಮರೆಮಾಚಿ ಪ್ರಯೋಜನವೇನು?

ತಾಯಿಯವರು ಎದ್ದು ಬಂದು ನಿಂತರು. ಕನ್ನಡಕ ಒರೆಸಿ ಹಾಕಿಕೊಂಡು ಹತ್ತಿರ ಹೋದರು. ಒಂದು ಮೀನು ತೆರೆದ ಬಾಗಿಲಿನ ಮುಂದೆ ಸುಳಿಯಿತು.

"ನಡುಮನೆಗೆ ಹೋಗ್ತದೆ ಅದು" ಎಂದರು.

ಮಕ್ಕಳು ನಕ್ಕರು. ಅವರು ಇನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಿರಿಯವನ ತಲೆಯ ಮೇಲೆ ಕೈಯಿಟ್ಟು, "ಚೆಂದ ಮಾಡಿದ್ದೀ ಮಗಾ. ಆದರೆ ತೆಗೆದುಬಿಡು" ಎಂದರು.

"ಯಾಕಜ್ಜಿ? ನಿಮ್ಮನೆ ನೀರೊಳಗೇ ಇದೆಯಲ್ಲ?"

"ಇರಬಹುದು. ನಾನು ಅದನ್ನು ನೀರಲ್ಲಿ ಕಂಡಿಲ್ಲ. ನಾವು ಲಾರಿ ಹತ್ತಿದ ದಿನ ಅಂಗಳ ಒಣಗಿತ್ತು. ಬೆಳಗ್ಗೆ ನಾನೇ ಗುಡಿಸಿದ್ದು. ಅಮ್ಮ ಬೈದಳು, ಹೋಗೋ ಮನೆಗೆ ಎಂತಕ್ಕೆ ಗುಡಿಸ್ತೀಯೆ ಅಂತ. ನನಗೆ ಹಾಗೇ ಇರಲಿ ಅದು."

ಅರವತ್ತು ವರ್ಷಗಳಲ್ಲಿ ಈ ಗುಡಿಸಿದ ಸಂಗತಿಯನ್ನು ಅವರು ಯಾರಿಗೂ ಹೇಳಿದವರಲ್ಲ. ನಮ್ಮಾಕೆ ಏನೂ ಮಾತನಾಡದೆ ಟೇಪು ಬಿಚ್ಚಿದರು.

ಕೊನೆಗೆ ಉಳಿದದ್ದು ಕಪ್ಪೇ. ಇದನ್ನು ಮಾಡಿಕೊಳ್ಳುವ ಮನಸ್ಸುಳ್ಳವರಿಗೆ ಎರಡು ಮಾತು. ಕಪ್ಪು ಡ್ರಾಯಿಂಗ್ ಹಾಳೆ ಅಗ್ಗ, ಆದರೆ ನಮ್ಮ ಊರಿನ ತೇವಕ್ಕೆ ಹದಿನೈದು ದಿನದಲ್ಲಿ ಸುರುಳಿಯೇಳುತ್ತದೆ. ತೊಟ್ಟಿ ಖಾಲಿಯಿರುವಾಗಲೇ ಹಿಂಗಾಜಿನ ಹೊರಮೈಗೆ ಕಪ್ಪು ಅಕ್ರಿಲಿಕ್ ಬಣ್ಣವನ್ನು ಎರಡು ಮೂರು ಸಲ ಬಳಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಬೇಡವಾದ ದಿನ ಬ್ಲೇಡಿನಿಂದ ಕೆರೆದು ತೆಗೆಯಬಹುದು. ಒಳಮೈಗೆ ಮಾತ್ರ ಯಾವ ಬಣ್ಣವನ್ನೂ ಬಳಿಯಬಾರದು. ನಮ್ಮ ತೊಟ್ಟಿಯಲ್ಲಿ ಆಗಲೇ ನೀರೂ ಮೀನೂ ಇದ್ದುದರಿಂದ ನಾವು ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ತಂದೆವು. ಬರಿದೇ ಟೇಪಿನಿಂದ ಅಂಟಿಸಿದರೆ ಓರೆಯಿಂದ ನೋಡಿದಾಗ ಹಾಳೆ ಬೆಳ್ಳಿಯಂತೆ ಮಿನುಗುತ್ತದೆ, ಕಪ್ಪು ಕಪ್ಪಾಗಿ ಕಾಣುವುದೇ ಇಲ್ಲ. ಗಾಜಿಗೂ ಹಾಳೆಗೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದಿರುತ್ತದೆ. ಬೆಳಕು ಗಾಜಿನಿಂದ ಗಾಳಿಗೆ ಓರೆಯಾಗಿ ದಾಟಲಾರದೆ ಹಿಂದಿರುಗಿಬಿಡುತ್ತದೆ. ಆ ಸಂದಿಗೆ ಗಾಜಿನಂತೆಯೇ ಬೆಳಕನ್ನು ಬಾಗಿಸುವ ಯಾವುದಾದರೂ ದ್ರವವನ್ನು ತುಂಬಿದರೆ ಗಾಳಿ ಹೊರಹೋಗುತ್ತದೆ. ಗಾಜಿನ ವಕ್ರೀಭವನಾಂಕ ಸುಮಾರು ೧.೫, ಔಷಧದ ಅಂಗಡಿಯ ಗ್ಲಿಸರಿನ್ನಿನದು ೧.೪೭. ತೆಳ್ಳಗೆ ಸವರಿ, ಹಾಳೆಯನ್ನು ಮೇಲಿಟ್ಟು, ನಡುವಿನಿಂದ ಅಂಚಿಗೆ ಹಳೆಯ ಪೋಸ್ಟ್ ಕಾರ್ಡಿನಿಂದ ಒತ್ತುತ್ತ ಗುಳ್ಳೆಗಳನ್ನು ಹೊರಗೆ ದಬ್ಬಬೇಕು.

ತಾಯಿಯವರು ತೆಂಗಿನೆಣ್ಣೆಯನ್ನು ಸೂಚಿಸಿದರು. ತಲೆನೋವಿನಿಂದ ಬಾಗಿಲಿನ ತಿರುಗಣಿಯವರೆಗೆ ಅವರ ಔಷಧ ಅದೊಂದೇ. ಶಾಸ್ತ್ರದ ಪ್ರಕಾರ ಅದೂ ಸರಿಯೇ, ಗುಣ ಹೆಚ್ಚುಕಡಿಮೆ ಗ್ಲಿಸರಿನ್ನಿನದೇ. ಆದರೆ ೨೪ ಡಿಗ್ರಿ ಸೆಲ್ಸಿಯಸ್ಸಿಗಿಂತ ತಣ್ಣಗಾದರೆ ಅದು ಹೆಪ್ಪುಗಟ್ಟುತ್ತದೆ. ಜನವರಿಯ ಮುಂಜಾವಿನಲ್ಲಿ ಹಿನ್ನೆಲೆಯ ತುಂಬ ಬಿಳಿ ಮೋಡ ಮೂಡೀತು. ದೆಹಲಿಯ ಬಂಧುಗಳಂತೂ ಈ ಗೋಜಿಗೆ ಹೋಗಲೇಬಾರದು. ಗ್ಲಿಸರಿನ್ನೇ ಗೆದ್ದಿತು.

ಬಯಲಾಟದ ಕತ್ತಲೆಯ ಮಾತನ್ನು ಓದುಗರು ಈಗ ನೆನೆಯಬಹುದು. ತಂತಿಯಿಲ್ಲ, ಕೊಳವೆಯಿಲ್ಲ, ಹಲ್ಲಿಯಿಲ್ಲ. ಎರಡಡಿಯ ತೊಟ್ಟಿಗೆ ಹಿಂದುಗಡೆ ಕೊನೆಯೇ ಇಲ್ಲವೇನೋ ಎಂಬಂತೆ ಆಳ ಬಂತು. ಕೆಲವು ದಿನಗಳಲ್ಲಿ ಪಟ್ಟೆಗಳು ಹೊಸ ಇಳಕಲ್ ಸೀರೆಯ ಅಂಚಿನ ಹಾಗೆ ಗಾಢವಾದವು. ಮೀನುಗಳು ಮೂಲೆ ಬಿಟ್ಟು ತೊಟ್ಟಿಯ ಉದ್ದಕ್ಕೂ ಓಡಾಡಲಾರಂಭಿಸಿದವು. ಪಾಚಿಯೂ ಕಡಿಮೆ. ಹಡಗಿನ ಚಿತ್ರದ ಹಾಳೆ ವ್ಯರ್ಥವಾಗಲಿಲ್ಲ. ಕಿರಿಯವನ ಮರಾಠಿ ಪುಸ್ತಕಕ್ಕೆ ಹೊದಿಕೆಯಾಗಿದೆ.

ಮನೆಯ ಚಿತ್ರಕ್ಕೆ ಚೌಕಟ್ಟು ಹಾಕಿಸಿ ತಾಯಿಯವರ ಮಂಚದ ಮೇಲ್ಗಡೆ ತೂಗುಹಾಕಲು ನಾವು ಹೊರಟಾಗ ಅವರು ಮತ್ತೆ ತಡೆದರು. ತೊಟ್ಟಿಯ ಅಳತೆಗೆ ಹೊಂದಿಸುವಾಗ ಮಗಳು ಬಲಗಡೆಯಿಂದ ಎರಡಂಗುಲ ಕತ್ತರಿಸಿದ್ದಳು. "ಕೊಟ್ಟಿಗೆ ಎಲ್ಲಿ ಹೋಯ್ತು?" ಎಂದು ಕೇಳಿದರು ತಾಯಿಯವರು. ಅಂಗಡಿಗೆ ಇನ್ನೊಮ್ಮೆ ಹೋಗಿ, ಕೊಟ್ಟಿಗೆ ಪೂರ್ತಿ ಬರುವ ಹಾಗೆ ಅಚ್ಚು ಹಾಕಿಸಿ ತಂದೆವು.